ಹರಕು ಫ್ರಾಕು

"ಎಲ್ಲಿ ಸತ್ತಿದ್ದೀಯೇ ಆಯಾ? ನಿನ್ನ ಮಗಳು ವೇದಿಕೆ ಮೇಲೇ ಉಚ್ಚೆ ಹೊಯ್ಕೊಂಡಿದಾಳೆ! ಬಾ, ಬಂದು ಒರೆಸು! ನನ್ ಮಾನ ತೆಗೆದ್ಲು ಮುಂಡೇದು!"

ಸಭಾಂಗಣದ ಬಾಗಿಲಲ್ಲಿ ಮೇಡಂ ಹಲ್ಲು ಕಡಿಯುತ್ತಿದ್ದರು. ನೊಂದ ಮಕ್ಕಳ ಈ ಆಸರೆ ಮನೆಗೆ ಅವರೇ ಯಜಮಾನಿ. ಮೈಕಿನ ಮುಂದೆ ಅವರ ಮಾತು ಬೆಣ್ಣೆ. ಆಯಾಳ ಪಾಲಿಗೆ ಬರುವ ಮಾತೇ ಬೇರೆ. ಆಯಾ ಬಕೆಟ್ಟು ಎತ್ತಿಕೊಂಡು ಓಡಿದಳು.

ಮುಂದಿನ ಸಾಲಿನ ದಾನಿಗಳು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. 'ಮಗುವಿನ ಮನಸ್ಸನ್ನು ಮೆಲ್ಲಗೆ ಮುಟ್ಟಿ' ಎಂಬ ಬ್ಯಾನರಿನ ಕೆಳಗೆ ಅವಳ ಮಗಳು ಗುಬ್ಬಿ ನಿಂತಿದ್ದಳು. ಇಟ್ಟಿಗೆ ಗೂಡಿನ ಮಾಲೀಕ ಅಪ್ಪನನ್ನು ಒದ್ದು ಒದ್ದು ಕೊಂದದ್ದನ್ನು ಕಣ್ಣಾರೆ ಕಂಡ ಹುಡುಗಿ. ಆಮೇಲೆ ಮೇಡಂ ತಾಯಿ ಮಗಳಿಗೆ ಸೂರು ಕೊಟ್ಟರು, ತಾಯಿಗೆ ಕಸ ಗುಡಿಸುವ ಕೆಲಸವನ್ನೂ ಕೊಟ್ಟರು. ಬದಲಿಗೆ ದಾನಿಗಳು ಬಂದಾಗಲೆಲ್ಲ ಗುಬ್ಬಿ ಆ ಕಥೆ ಹೇಳಬೇಕು.

ಹೇಳಿಸುವವರು ಮೇಡಂ. ಕಲಿಸಿದವಳು ಮಾತ್ರ ಆಯಾಳೇ. ಎಲ್ಲಿ ಬೀದಿಗೆ ಬೀಳುತ್ತೇವೋ ಎಂಬ ಹೆದರಿಕೆಗೆ, ಚಪ್ಪಾಳೆ ಬಿದ್ದೊಡನೆ ಶುರು ಮಾಡು, ಇಂಥಲ್ಲಿ ನಿಲ್ಲಿಸು, ಇಂಥಲ್ಲಿ ಅಳು ಎಂದು ಗಿಣಿಪಾಠ ಮಾಡಿಸಿದ್ದಳು. ಅಪ್ಪ ಸತ್ತ ದಿನ ಮಗಳು ತೊಟ್ಟಿದ್ದ ಹರಕು ಫ್ರಾಕನ್ನು ಹೊಲಿಯದೆ ಇದಕ್ಕೆಂದೇ ಎತ್ತಿಟ್ಟಿದ್ದಳು. ಇಂದು ಬೆಳಿಗ್ಗೆ ಗುಬ್ಬಿ "ಬೇಡಮ್ಮಾ" ಎಂದು ಕಂಬ ತಬ್ಬಿಕೊಂಡಾಗ, ಬೆರಳು ಬಿಡಿಸಿ ತೊಡಿಸಿದ್ದೂ ಅವಳೇ. ಅದು ನೆನಪಾಗಿ ಆಯಾಳಿಗೆ ನೆಲ ಬಾಯ್ಬಿಡಬಾರದೇ ಎನಿಸಿತು.

"ಬೇರೆ ಯಾವ್ದಾದ್ರೂ ಹರಕು ಹಾಕಿ ಕರ್ಕೊಂಡ್ ಬಾ," ಮೇಡಂ ಅವಳ ಕಿವಿಯಲ್ಲಿ ಉಸುರಿದರು. "ಮೊದಲಿಂದ ಹೇಳ್ಲಿ. ಅವ್ರಪ್ಪ ಸಾಯೋದು ಇನ್ನೂ ಬಾಕಿ ಇದೆ."

ಆಯಾ ಮಗಳನ್ನು ಪರದೆಯ ಹಿಂದಕ್ಕೆ ಕರೆದೊಯ್ದು, ಒದ್ದೆ ಫ್ರಾಕು ಬಿಚ್ಚಿ, ತನ್ನ ಶಾಲು ಸುತ್ತಿದಳು.

"ಅಮ್ಮಾ, ಅಳೋ ಜಾಗ ಬರೋಕ್ ಮುಂಚೆನೇ ಆಗೋಯ್ತು," ಗುಬ್ಬಿ ಹೇಳಿದಳು. "ಹೊಡೀಬೇಡ. ಈ ಸಲ ಚೆನ್ನಾಗಿ ಅಳ್ತೀನಿ."

ಆಯಾ ವೇದಿಕೆಗೆ ಬಂದು ಮೊಣಕಾಲೂರಿ, ಒರೆಸುವ ಬಟ್ಟೆಯನ್ನು ಅತ್ತ ಎಸೆದು, ಆ ಫ್ರಾಕಿನಿಂದಲೇ ನೆಲ ಒರೆಸಿದಳು. ಒರೆಸುತ್ತ ಒರೆಸುತ್ತ ಅದು ಇನ್ನಷ್ಟು ಹರಿಯಿತು. ಎದ್ದು, ತೊಟ್ಟಿಕ್ಕುವ ಅದನ್ನು ತಂದು ಮೇಡಂ ಕೈಗೇ ತುರುಕಿದಳು.

"ಇಷ್ಟೇ ಕಥೆ. ಇನ್ನೂ ಬೇಕಂದ್ರೆ ಇದನ್ನ ಹಿಂಡ್ಕೊಂಡು ಕುಡೀರಿ. ಥೂ!"

ಉಗಿದದ್ದು ಅವರಿಗೋ ತನಗೋ, ಅವಳಿಗೇ ತಿಳಿಯಲಿಲ್ಲ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ದಾನಿಯೊಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಚಪ್ಪಾಳೆ ಕೇಳಿದ್ದೇ ತಡ, ಪರದೆಯ ಹಿಂದಿನಿಂದ ಗುಬ್ಬಿಯ ದನಿ ಬಂತು.

"ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಇಟ್ಟಿಗೆ ಹೊರ್ತಿದ್ರು..."