ಒಂದನೇ ಗೂಟ

ಸ್ಮಶಾನದಲ್ಲಿ ಪುರೋಹಿತರು ಚಟ್ಟದ ಮೇಲಿದ್ದ ಬಿಂದುಮಾಧವರ ಬಾಯಿಗೆ ಗಂಗೋದಕ ಬಿಡಲು ಬಾಗುತ್ತಿದ್ದಂತೆ ಸುಲಭಾಬಾಯಿ ಕೈ ಅಡ್ಡ ಹಿಡಿದರು.

"ತಡೀರಿ ಆಚಾರ್ರ. ಕೊರಳು ಬರಿದದ. ತುಳಸಿಮಾಲಿ ಬರೂತನಕ ಇವರನ್ನ ಕಳಸೂದಿಲ್ಲ."

"ವೈನಿ, ನಮ್ಮ ಹಿಂದ ಇನ್ನೂ ಎರಡು ಚಟ್ಟ ಕಾಯಲಿಕ್ಕತ್ತಾವ," ಎಂದ ಮೈದುನ ವಿನೀತ, ಗಡಿಯಾರ ನೋಡುತ್ತ.

"ಹನ್ನೆರಡು ವರ್ಷ ಹಗಲೆಲ್ಲ ಗೂಟಕ್ಕ ಬಿಟ್ಟಾರ. ಇವತ್ತರೆ ಕೊರಳಾಗಿರಲಿ."

ಬಿಂದುಮಾಧವರು ಖಡಕಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿ. ಖಡಕಿಯಲ್ಲಿದ್ದೂ ಖಡಕ್ ಆಗದ ಮನುಷ್ಯ. ನಿನ್ನೆ ಮಧ್ಯಾಹ್ನ ಮೇಜಿನ ಮುಂದೆಯೇ ಎದೆ ಹಿಡಿದು ಕುಸಿದರು. ಮಾಲೆ ಕಾರ್ಖಾನೆಯ ಬಾಗಿಲ ಬಳಿಯ ಗೂಟದಲ್ಲೇ ಉಳಿಯಿತು.

ಅವರ ಸಹಾಯಕಿ ಅನುಜಾ ಬೆಳಿಗ್ಗೆಯೇ ಕಾವಲಿನ ಚನ್ನವೀರನಿಗೆ ಫೋನು ಮಾಡಿದ್ದಳು.

"ಸಾಹೇಬ್ರದ ನಿಯಮ, ಮೇಡಮ್. ಗೂಟದ ಸಾಮಾನು ಯಾರದೋ ಅವರ ಕೈಗೇ. ಅವರು ಬರಲಿಲ್ಲಂದ್ರ ಎರಡೂ ಪಕ್ಷದವರ ಸಹಿ ಬೇಕು."

"ಅವರು ಬರೂದಿಲ್ಲಲ್ಲಪ್ಪಾ!"

"ಅದಕ್ಕ ಸಹಿ ಬೇಕು ಅಂದೆ," ಎಂದವನ ದನಿ ಒಡೆದಿತ್ತು.

ಹೀಗಾಗಿ, ಕಾರ್ಖಾನೆಯ ಎದುರಾಳಿ ಪಕ್ಷಗಳ ಕಾರ್ಮಿಕರು, ವರ್ಷದಿಂದ ಒಂದೇ ಮೇಜಿನಲ್ಲಿ ಚಹಾ ಕುಡಿಯದ ಸ್ವಪ್ನಿಲ್ ಮತ್ತು ಹೊಳಬಸಪ್ಪ ಒಂದೇ ಸ್ಕೂಟರಿನಲ್ಲಿ ಹೋಗಿದ್ದರು. ತಾಸಾಯಿತು, ಸುಳಿವಿಲ್ಲ.

*

ಗೂಟದ ಕತೆಯನ್ನು ಅನುಜಾ ಎಲ್ಲರ ದನಿಯಲ್ಲೂ ಆಡಿ ತೋರಿಸಬಲ್ಲಳು.

ಹನ್ನೆರಡು ವರ್ಷದ ಹಿಂದಿನ ಚುನಾವಣೆ. ಸ್ವಪ್ನಿಲ್ ತನ್ನ ಪಕ್ಷದ ಶಲ್ಯ ಹೊದ್ದು, ಗರಗರ ತಿರುಗುವ ಲೇಥ್ ಯಂತ್ರದ ಮುಂದೆ ನಿಂತ. ಎದುರು ಪಕ್ಷದ ಹೊಳಬಸಪ್ಪ ಅದಕ್ಕಿಂತ ಎರಡು ಮೊಳ ಉದ್ದದ್ದು ಹೊದ್ದು ಬಂದ. ಬಿಂದುಮಾಧವರು ಎರಡು ಸಲ ಕೆಮ್ಮಿದರು.

"ಹ್ಞಾಂ. ಇಬ್ಬರೂ ತಗೀರಿ."

"ಇದು ನಮ್ಮ ಭಾವನಾ ಅದ, ಸರ್!" ಎಂದ ಸ್ವಪ್ನಿಲ್.

"ಭಾವನಾ ಇಟ್ಕೋಳಪಾ, ಬಟ್ಟಿ ತಗಿ. ಲೇಥಿಗೆ ಪಕ್ಷ ತಿಳಿಯೂದಿಲ್ಲ, ಕೊರಳಷ್ಟ ತಿಳೀತದ."

"ಮತ್ತ ನಿಮ್ಮ ಕೊರಳಾಗಿನ ಮಾಲಿ?"

ಶೆಡ್ಡಿನ ಕೈಗಳೆಲ್ಲ ನಿಂತವು. ಕಾಗದ ನೋಡುವವರ ಮಾಲೆಯನ್ನು ಯಾವ ಯಂತ್ರವೂ ಎಳೆಯುವುದಿಲ್ಲ. ಹಾಗೆಂದು ಅವರು ಹೇಳಬಹುದಿತ್ತು. ಹೇಳುವ ಬದಲು ತಾಯಿ ಹಾಕಿದ್ದ ಮಾಲೆಯನ್ನು ಅಲ್ಲೇ ತೆಗೆದು ಕಿಸೆಗಿಟ್ಟರು.

ಮರುದಿನ ಬಾಗಿಲ ಪಕ್ಕ ಹಲಗೆ, ಹಲಗೆಗೆ ನಲವತ್ತು ಗೂಟ. "ಗೂಟದ ಕಾರಿನ ಆಸೆ ಇದ್ದವರು ಸದ್ಯ ಗೂಟದಿಂದ ಸುರು ಮಾಡ್ರಿ," ಎನ್ನುತ್ತ ಒಂದನೆಯದಕ್ಕೆ ತಮ್ಮ ಮಾಲೆ ತೂಗುಹಾಕಿದರು. ಆಮೇಲೆ ಶಲ್ಯ, ತಾಯಿತ, ಜಪಸರ, ಶಿಲುಬೆ ಎಲ್ಲ ಸಾಲುಗಟ್ಟಿದವು. ಊಟದ ಬಿಡುವಿನಲ್ಲಿ ಹೊರಗಿನ ಬೇವಿನಡಿ ಏನಾದರೂ ಹೊದೆಯಿರಿ, ಯಾರನ್ನಾದರೂ ಗೆಲ್ಲಿಸಿರಿ. ಅದಕ್ಕೆ ಅವರ ತಕರಾರಿಲ್ಲ. ಒಮ್ಮೆ ಯಾರೋ ಒಬ್ಬರ ಶಲ್ಯವನ್ನು ಎಣ್ಣೆಯಲ್ಲಿ ಅದ್ದಿದ ಮೇಲೆ ಎರಡು ಸಹಿಯ ನಿಯಮ ಬಂತು.

"ನಿಮ್ಮ ಪಕ್ಷ ಯಾವುದ್ರಿ ಸರ್?" ಎಂದರೆ, "ಪಿತೃಪಕ್ಷ. ಇನ್ನೂ ಟಿಕೆಟ್ ಸಿಕ್ಕಿಲ್ಲ."

ಚಹಾದ ಹೊತ್ತಿಗೆ ಅವರ ಅಣಕ ಮಾಡುತ್ತ ಅನುಜಾ ಒಮ್ಮೆ ಸಿಕ್ಕಿಬಿದ್ದಿದ್ದಳು. ಅವರು ನಕ್ಕಿದ್ದರು. "ಛಲೋ ಆತು. ನಾ ರಜಾ ಹಾಕಿದ ದಿನ ನೀನ ನಾನಾಗು."

*

ಸ್ಕೂಟರ್ ಬಂತು. ಪಾಲಿಕೆ ಚುನಾವಣೆಯ ಪ್ರಚಾರದ ನಡುವೆಯೇ ಎದ್ದು ಮಾಲೆ ತರಲು ಹೋಗಿದ್ದ ಇಬ್ಬರ ಹೆಗಲ ಮೇಲೂ ಶಲ್ಯ. ಒಂದೇ ಮಾಲೆಯ ಎರಡು ಬದಿ ಇಬ್ಬರ ಕೈಯಲ್ಲಿ.

"ನಾ ಹಾಕತೀನಿ, ಬಿಡು," ಎಂದ ಸ್ವಪ್ನಿಲ್.

"ನಿಮ್ಮ ಬಣ್ಣ ಹೊದ್ದು ಅವರ ಮ್ಯಾಲೆ ಬಾಗತೀಯೇನು? ನಾಳೆ ಫೋಟೊ ಹಾಕಿ, ನಮ್ಮವರಿದ್ರು ಅಂತೀರಿ!"

"ನೀವು ಬಿಡತೀರೇನು?"

ಹಳೆಯ ದಾರ ಬಿಗಿಯಾಯಿತು. ಸುಲಭಾಬಾಯಿ ಕಣ್ಣು ಮುಚ್ಚಿದರು. ಅನುಜಾ ಅವರಿಬ್ಬರ ನಡುವೆ ಬಂದು ನಿಂತಳು. ಎರಡು ಸಲ ಕೆಮ್ಮಿದಳು.

"ಹ್ಞಾಂ. ಮೊದಲು ಗೂಟ."

ಸುಲಭಾಬಾಯಿ ಥಟ್ಟನೆ ಚಟ್ಟದ ಕಡೆ ತಿರುಗಿದರು. ಮಾಲೆ ಅನುಜಾಳ ಅಂಗೈಗೆ ಬಿತ್ತು; ಇಬ್ಬರ ಕೈಗಳೂ ತಾವಾಗಿ ಕೊರಳಿಗೆ ಹೋಗಿದ್ದವು.

ಸುಲಭಾಬಾಯಿ ಗಂಡನ ತಲೆ ಎತ್ತಿ ಮಾಲೆ ಹಾಕುವಷ್ಟರಲ್ಲಿ ಅವರಿಬ್ಬರೂ ಸ್ಮಶಾನದ ಗೇಟಿನ ಬಳಿ ಹೋಗಿದ್ದರು. ಭರ್ಚಿಮೊನೆಯ ಕಬ್ಬಿಣದ ಸರಳುಗಳ ಸಾಲು. ಸ್ವಪ್ನಿಲ್ ತನ್ನ ಶಲ್ಯವನ್ನು ಎರಡನೆಯ ಸರಳಿಗೆ ಸಿಕ್ಕಿಸಿದ, ಹೊಳಬಸಪ್ಪ ಮೂರನೆಯದಕ್ಕೆ. ಒಂದನೆಯದನ್ನು ಯಾರೂ ಮುಟ್ಟಲಿಲ್ಲ.