ಮನೆಯಲ್ಲಿ ಎಷ್ಟು ಜನ?

ದರ್ಜಿಯ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಗಂಡ ಕತ್ತರಿಸಿ ಹೊಲಿದರೆ ಹೆಂಡತಿ ಕಾಜಾ ಮಾಡಿ ಗುಂಡಿ ಹಚ್ಚುತ್ತಾಳೆ. ಕೈ ಬಟ್ಟೆಯ ಮೇಲಿದ್ದರೂ ಅವಳ ಕಿವಿಯೆಲ್ಲ ಹಿಂದಿನ ಕೋಣೆಯ ಕಡೆಗೇ. ಅಲ್ಲಿರುವವಳು ಕಿರಿಮಗಳು ಗುಬ್ಬಿ. ಹುಟ್ಟಿನಿಂದಲೇ ಎಡಗಾಲು ಸೊಟ್ಟ. ಕಬ್ಬಿಣದ ಕಾಲುಪಟ್ಟಿ ಕಟ್ಟಿದರೆ ಟಕ್ ಟಕ್ ಎಂದು ಮನೆಯೆಲ್ಲ ಓಡಾಡುತ್ತಾಳೆ. ಯಾರಾದರೂ ಬಾಗಿಲು ತಟ್ಟಿದರೋ, ಒಳಗೆ ಸೇರಿ, ಪಟ್ಟಿ ಬಿಚ್ಚಿ, ಉಸಿರು ಬಿಗಿಹಿಡಿದು ಕೂರಬೇಕು. ಇದು ಅತ್ತೆಯ ಕಟ್ಟಪ್ಪಣೆ. ಮರ್ಯಾದೆಯ ಹೆಸರಿನಲ್ಲಿ ಮಗುವನ್ನು ಬಚ್ಚಿಡುವುದು ಆ ಬೀದಿಗೇನೂ ಹೊಸದಲ್ಲ.

"ದೊಡ್ಡವಳ ಸಂಬಂಧ ಕುದುರೋವರೆಗೆ ತಾನೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಎನ್ನುತ್ತಿದ್ದರು ಅತ್ತೆ.

ಹೋದ ವಾರ ಗಂಡಿನ ತಾಯಿ "ಮಕ್ಕಳೆಷ್ಟು ನಿಮಗೆ?" ಎಂದಾಗ, "ಒಬ್ಬಳೇ," ಎಂದುಬಿಟ್ಟಿದ್ದಳು ಗುಬ್ಬಿಯ ತಾಯಿ.

ಇವತ್ತು ಅತ್ತೆಯೂ ಗಂಡನೂ ಪೇಟೆಗೆ ಹೋದ ಹೊತ್ತು ನೋಡಿ, ಇಂಥ ಮಕ್ಕಳಿಗೆ ಕಲಿಸುವ ಟೀಚರನ್ನು ಗುಟ್ಟಾಗಿ ಕರೆಸಿದಳು. ಬಾಗಿಲು ತಟ್ಟಿದ್ದೇ ತಡ, ಗುಬ್ಬಿ ಮಾಯ! ತಾಯಿಯೇ ಎತ್ತಿಕೊಂಡು ಬರಬೇಕಾಯಿತು.

"ಮನೇಲಿ ಯಾರ್ಯಾರಿದೀರಾ ಪುಟ್ಟಿ?" ಟೀಚರ್ ಕೇಳಿದರು.

ಗುಬ್ಬಿ ಬೆರಳು ಮಡಚಿದಳು. "ಅಜ್ಜಿ, ಅಪ್ಪ, ಅಮ್ಮ, ಅಕ್ಕ."

"ಮತ್ತೆ ನೀನು?"

"ಬೇರೆಯವರು ಇಲ್ದಾಗ ಮಾತ್ರ ನಾನಿರ್ತೀನಿ. ಅವರು ಬಂದ್ರೆ ಅಮ್ಮಂಗೆ ಅಕ್ಕ ಒಬ್ಬಳೇ."

ಮಗು ಅಳಲಿಲ್ಲ, ಮುನಿಯಲೂ ಇಲ್ಲ. ಪಾಠ ಒಪ್ಪಿಸಿದಂತೆ ಹೇಳಿತ್ತು.

"ಕಾಲು ಬೇರೆ ಥರ ಇದೆ, ಅದೇನೂ ತಪ್ಪಲ್ಲ ಅಂತ ನಾನು ನೂರು ಸಲ ಹೇಳಬಹುದು," ಎಂದರು ಟೀಚರ್. "ನೀವು ಬಚ್ಚಿಡ್ತಾ ಇದ್ರೆ ಅವಳು ಯಾರ ಮಾತು ನಂಬ್ತಾಳೆ?"

ಸಂಜೆ ಗಂಡಿನವರು ಮಾತು ಗಟ್ಟಿ ಮಾಡಲು ಬಂದರು. ಅತ್ತೆ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಅಡ್ಡಬಂದ ಸೊಸೆಯನ್ನು ಅಡುಗೆಮನೆಗೆ ಎಳೆದರು.

"ಇವತ್ತೊಂದಿನ ಬಾಯಿ ಮುಚ್ಕೊಂಡಿರು. ದೊಡ್ಡವಳ ಬಾಳಿಗೆ ಮಣ್ಣು ಹಾಕ್ತೀಯಾ?"

"ಅತ್ತೆ, ನಿಮ್ಮ ಸಾವಿರ ಸುಳ್ಳಲ್ಲಿ ನನ್ನ ಮಗೂನೂ ಒಂದಾ?"

ಹಿಂದೆಯೇ ಬಂದಿದ್ದ ಗಂಡನ ಮುಖ ನೋಡಿದಳು. ಅವನು ಅಳತೆಪಟ್ಟಿ ಸುತ್ತುತ್ತ, "ಅಮ್ಮ ಹೇಳಿದ ಹಾಗೆ ಮಾಡು," ಎಂದ. ಆ ಮನೆಯಲ್ಲಿ ಅವಳಿಗೂ ಒಂದು ಹಿಂದಿನ ಕೋಣೆಯಿತ್ತು. ಚಿಲಕ ಮಾತ್ರ ಕಾಣುತ್ತಿರಲಿಲ್ಲ.

ಅವಳು ನೇರವಾಗಿ ಹೋಗಿ ಚಿಲಕ ತೆಗೆದಳು. ಗುಬ್ಬಿ ಮಡಿಲಲ್ಲಿ ಪಟ್ಟಿ ಇಟ್ಟುಕೊಂಡು ಕತ್ತಲೆಯಲ್ಲಿ ಕೂತಿದ್ದಳು. ತುಟಿಗೆ ಬೆರಳಿಟ್ಟು, "ಶ್! ಅವರಿದಾರೆ ಅಮ್ಮ, ಹೋಗು," ಎಂದಳು.

ತಾಯಿ ನೆಲದಲ್ಲೇ ಕೂತು, ಕಣ್ಣೀರಿನಲ್ಲೇ ತಡಕಾಡಿ ಮಗಳ ಕಾಲಿಗೆ ಪಟ್ಟಿ ಕಟ್ಟಿದಳು.

ಟಕ್ ಟಕ್ ಸದ್ದು ಮುಂದಿನ ಕೋಣೆಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ಅತ್ತೆಯ ಮುಖ ಕಪ್ಪಿಟ್ಟಿತು. ದೊಡ್ಡವಳೊಬ್ಬಳೇ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

"ಹೋದ ವಾರ ಸುಳ್ಳು ಹೇಳಿದ್ದೆ. ನನಗೆ ಇಬ್ಬರು ಮಕ್ಕಳು. ಇವಳು ಚಿಕ್ಕವಳು," ಎಂದಳು ತಾಯಿ.

ಗಂಡಿನ ತಾಯಿ ಲೋಟ ಕೆಳಗಿಟ್ಟರು. ಗುಬ್ಬಿ ತಾಯಿಯ ಕೈ ಜಗ್ಗಿದಳು.

"ಅಮ್ಮ, ಅವರಿನ್ನೂ ಹೋಗಿಲ್ಲ."

"ಹೂಂ ಕಂದ. ನೀನೂ ಹೋಗ್ಬೇಡ."