ಪೇಪರಿನಲ್ಲಿ ಬಂದ ಕೈ

ಶ್ರಾವಣದ ಜಿಟಿಜಿಟಿ ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಮುರಗೋಡದ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ನಡೆದಿತ್ತು. ಬಿಸಿಲನ್ನು ನಂಬುವಂತಿರಲಿಲ್ಲವಾಗಿ ನೀಲಕಂಠರಾಯರು ಪಡಸಾಲೆಯ ತುಂಬ ಹೆಸರುಕಾಯಿ ಹರವಿಸಿದ್ದರು. ಅವರ ಹೆಂಡತಿ ಗಂಗೂಬಾಯಿ, ಸೊಸೆ ಪದ್ಮಜಾ ಇಬ್ಬರೂ ಹಸಿಕಾಯಿ ಆರಿಸಿ ಬೇರೆ ಮಾಡುತ್ತಿದ್ದರು. ಪದ್ಮಜಾಗೆ ದಿನ ತುಂಬುತ್ತ ಬಂದಿತ್ತು. ಸೋಮವಾರ ಹೆರಿಗೆಗೆಂದು ರಾಮದುರ್ಗದ ತವರಿಗೆ ಹೋಗುವವಳು; ಹಸಿರು ಬಳೆ ಇಡಿಸಿಕೊಂಡು ಹೋಗಬೇಕಿತ್ತು.

ಹೊರಗೆ ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಹಿಂದೆ ರಾಯರ ತಂದೆ ಆ ಕಟ್ಟೆಯ ಮೇಲೆ ಪುರಾಣ ಹೇಳುತ್ತಿದ್ದರು. ರಾಯರು ಅದೇ ಏರಿಳಿತದಲ್ಲಿ, ಶುಕ್ರವಾರದ ಬೈಲಹೊಂಗಲ ಬಸ್ಸಿಗೆ ಬರುವ ವಾರಪತ್ರಿಕೆಯನ್ನು ಓದುತ್ತಿದ್ದರು. ‘ಸವದತ್ತಿ ಟೀಚರಮ್ಮನ ಟೂರ್ ಪುರಾಣ!’ ಎಂಬ ಫೋಟೋಸಹಿತ ಸುದ್ದಿಗೆ ಅವರು ರಾಗ ಎಳೆದ ದಿನ ಕಟ್ಟೆಯೆಲ್ಲ ನಕ್ಕಿತ್ತು. ಒಳಗೆ ಕುಳಿತು ಪದ್ಮಜಾಳೂ ನಕ್ಕಿದ್ದಳು. ಆ ಟೀಚರಮ್ಮ ಯಾರು, ಆಮೇಲೆ ಏನಾದಳು ಎಂದು ಯಾರೂ ಕೇಳಲಿಲ್ಲ.

ಆಷಾಢದ ಕೊನೆಯ ಶುಕ್ರವಾರ ರಾಯರು ಹಾಗೆಯೇ ಓದತೊಡಗಿದ್ದರು: ‘ಬಳೆ ತೊಡಿಸೋ ನೆಪ, ಕೈ ಹಿಡಿದು ಜಪ! ಮುರಗೋಡದ ಮನೆಯೊಂದರಲ್ಲಿ ನಡೆದದ್ದೇನು?’

ಪಕ್ಕದ ಮನೆಯ ಲಕ್ಕಪ್ಪ ಫೋಟೋದ ಮೇಲೆ ಬಗ್ಗಿದ. “ರಾಯರ, ಈ ಬಾಗಲಾ ನಿಮ್ಮದಲ್ಲೇನ್ರಿ?”

ರಾಯರ ದನಿ ಅಲ್ಲಿಗೇ ನಿಂತಿತು. ಅದು ಪದ್ಮಜಾಳ ಸೀಮಂತದ, ಕುಬಸದ ದಿನದ ಫೋಟೋ. ಮಗ ಸಂಕೇತ ಸಂಭ್ರಮದಿಂದ ಎಲ್ಲರಿಗೂ ಕಾಣುವಂತೆ ಮೊಬೈಲಿನಲ್ಲಿ ಹಾಕಿದ್ದು. ಸುತ್ತ ಕುಳಿತಿದ್ದ ಹೆಣ್ಣುಮಕ್ಕಳನ್ನೆಲ್ಲ ಪತ್ರಿಕೆಯವರು ಕತ್ತರಿಸಿ ತೆಗೆದಿದ್ದರು. ಉಳಿದವರು ಇಬ್ಬರೇ: ಕಣ್ಣಿಗೆ ಕರಿಪಟ್ಟಿ ಹಾಕಿದ ಪದ್ಮಜಾ, ಅವಳ ಕೈ ಹಿಡಿದ ಬಳೆಗಾರ ಬಾಬಾಜಾನ. ಅವನ ಕಣ್ಣಿಗೆ ಪಟ್ಟಿ ಇರಲಿಲ್ಲ. ಮೂಲೆಯಲ್ಲಿ ಆರತಿ ತಟ್ಟೆಯ ಅಂಚೊಂದು ಕಾಣುತ್ತಿತ್ತು. ಗಂಗೂಬಾಯಿ ಅದನ್ನು ನೋಡಿದೊಡನೆ ಗುರುತಿಸಿದ್ದರು; ಅವರ ಕೈಯಲ್ಲೇ ಇದ್ದ ತಟ್ಟೆ.

ನಿಜ ಗೊತ್ತಿದ್ದ ರಾಯರ ಮನೆಯೇ ಮೊದಲು ಬಾಬಾಜಾನನಿಗೆ ಬಾಗಿಲು ಮುಚ್ಚಿತು. ಉಳಿದ ಮನೆಗಳು ಅದನ್ನು ನೋಡಿ ಮುಚ್ಚಿದವು. ಪಕ್ಕದೂರಿನಲ್ಲಿ ಹುಡುಗರು ಬಾಬಾಜಾನನ ಪೆಟ್ಟಿಗೆಯನ್ನು ರಸ್ತೆಗೆ ಸುರುವಿದರು. ಬಳೆಗಾರನಿಗೆ ಶ್ರಾವಣವೇ ಸುಗ್ಗಿ. ಆ ಸುಗ್ಗಿಯಲ್ಲಿ ಅವನ ಹೆಂಡತಿ ಕಾಶಿಂಬಿ ಕಂಡವರ ಹೊಲಕ್ಕೆ ಹೆಸರು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು.

ಈ ಶುಕ್ರವಾರ ಬಾಬಾಜಾನ ಬಂದದ್ದು ಗಂಗೂಬಾಯಿ ಹೇಳಿ ಕಳಿಸಿದ್ದರಿಂದ. ಬಳೆ ತಂದು ಹೊರಗೇ ಇಟ್ಟು ಹೋಗಬೇಕೆಂದು ಹೇಳಿ ಕಳಿಸಿದ್ದರು. ಅವನು ಮೊಪೆಡ್ಡನ್ನು ದೂರವೇ ನಿಲ್ಲಿಸಿ ಪೆಟ್ಟಿಗೆ ಹೊತ್ತು ಬಂದ.

“ಏನೋ ಬಾಬಾ,” ಲಕ್ಕಪ್ಪ ಕಟ್ಟೆಯಿಂದ ಕೂಗಿದ. “ಪೇಪರಿನ್ಯಾಗ ಫೋಟೋ ಬಂತು, ದೊಡ್ಡ ಮನಶ್ಯಾ ಆದಿ. ಚಾ ಕುಡಸಂಗಿಲ್ಲೇನು?”

ಎಲ್ಲರೂ ನಕ್ಕರು. ಬಾಬಾಜಾನ ಬಳೆಯ ಕಟ್ಟನ್ನು ಮೆಟ್ಟಿಲ ಮೇಲಿಟ್ಟ.

“ರಾಯರ, ಒಂದು ಮಾತೈತ್ರಿ. ಅವತ್ತ ನೀವೂ ಅಲ್ಲೇ ನಿಂತಿದ್ರಿ. ಪೇಪರ್ ಓದತೀರಲ್ಲ, ಅದ ದನಿಯೊಳಗ, ‘ಬಾಬಾಜಾನಂದು ತಪ್ಪಿಲ್ಲ, ನಾ ಕಣ್ಣಾರೆ ನೋಡೇನಿ’ ಅಂತ ಒಮ್ಮೆ ಹೇಳ್ರಿ. ನಿಮ್ಮ ಬಾಯಿಲೆ ಕೇಳಿದ್ದು ಊರು ನಂಬತೈತಿ.”

“ಹೇಳಿದ್ರ ಮಾತು ಇನ್ನಷ್ಟು ಬೆಳೀತದೋ ಮಾರಾಯಾ. ಸುಮ್ಮನಿದ್ರ ಜನಾ ಮರೀತಾರ.”

“ಮರೀತಾರ್ರಿ. ಅಲ್ಲೀತನಕಾ ನಾವೇನು ತಿನ್ನೂಣು?”

ರಾಯರು ಕನ್ನಡಕ ಒರೆಸತೊಡಗಿದರು. ಅಷ್ಟರಲ್ಲಿ ಪದ್ಮಜಾ ಬಾಗಿಲು ದಾಟಿ ಹೊರಗೆ ಬಂದಳು.

“ಒಳಗ ನಡಿ ಪದ್ಮಾ,” ಗಂಗೂಬಾಯಿ ಹಿಂದಿನಿಂದ ಗದರಿದರು. “ಗಂಡಸರು ಕೂತಾರ.”

“ಪೇಪರ್ ಹಿಡಕೊಂಡು ಇವರೆಲ್ಲಾ ನನ್ನ ಕೈ ನೋಡ್ಯಾರ ಅತ್ಯಾ. ಈಗ ಖರೇ ಕೈ ನೋಡ್ಲಿ.” ಅವಳು ಮಾವನ ಕಡೆ ತಿರುಗಿದಳು. “ಮಾಮಾ, ಆ ಸುದ್ದಿ ನಾ ಮತ್ತ ಮತ್ತ ಓದೀನಿ. ಸುಳ್ಳು ಅಂತ ಹಿಡೀಲಿಕ್ಕೆ ಒಂದು ಸಾಲಿಲ್ಲ. ಕೈ ಹಿಡಿದದ್ದು ಖರೆ. ಉಳಿದದ್ದೆಲ್ಲಾ ‘ಏನು?’, ‘ಅಂತೆ’. ಕೂತ ಹೆಣ್ಣಮಕ್ಕಳನ್ನ ಅವರು ಕತ್ತರಿಸಿದ್ರು. ಖಾಲಿ ಬಿದ್ದ ಜಾಗಾ ಓದೋರು ತುಂಬಿದ್ರು, ನೀವು ರಾಗಾ ಹಚ್ಚಿದ್ರಿ. ಆ ಸವದತ್ತಿ ಟೀಚರಗ ನಾನೂ ನಕ್ಕೀನಿ. ಆಕೀ ಫೋಟೋದಾಗ ಯಾರ್‍ಯಾರನ್ನ ಕತ್ತರಿಸಿದ್ರೋ!”

“ನಿನಗ ಇದು ತಿಳಿಯಂಗಿಲ್ಲ. ಪೇಪರಿನ್ಯಾಗ ಬಂದಮ್ಯಾಲ ಮುಗೀತು. ಮನೀ ಮರ್ಯಾದಿ...”

“ಮನೀ ಮರ್ಯಾದಿ ಉಳಸಲಿಕ್ಕೆ ಬಾಬಾಜಾನ ಚಾಚಾನ ಅನ್ನಾ ಕಳದೇವಲ್ಲ ಮಾಮಾ.”

ಅವಳು ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಕಟ್ಟೆಯ ಅಂಚಿಗೆ ಕುಳಿತಳು. ಗಂಡಸರು ಸರಿದು ಜಾಗ ಬಿಟ್ಟರು. ಅವಳು ಕೈ ಚಾಚಿದಳು.

“ಬರ್ರಿ ಚಾಚಾ.”

“ಬ್ಯಾಡ ಮಗಳ. ನೀನ ಏರಸ್ಕೋ.”

“ಅತ್ಯಾ, ಅವತ್ತ ಕೂತಂಗ ಬಾಜೂಕ ಕೂಡ್ರಿ. ಆರತಿ ತಾಟೂ ತರ್ರಿ.”

ಗಂಗೂಬಾಯಿ ಬಾಗಿಲಲ್ಲೇ ನಿಂತರು. ಗಂಡನ ಮುಖ ನೋಡಿದರು. ಒಳಗೆ ಹೋದರು. ಇನ್ನು ಬರುವುದಿಲ್ಲವೆಂದು ಎಲ್ಲರೂ ಅಂದುಕೊಳ್ಳುವಷ್ಟು ಹೊತ್ತಾಯಿತು. ಕೊನೆಗೆ ತಟ್ಟೆ ಹಿಡಿದು ಬಂದು ಸೊಸೆಯ ಪಕ್ಕ ಕುಳಿತರು.

ಬಾಬಾಜಾನ ಅಂಗಿಗೆ ಕೈ ಒರೆಸಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಬೇರೆ ದಿನವಾಗಿದ್ದರೆ ನೋವು ತಿಳಿಯದಂತೆ ಏನಾದರೊಂದು ಚೇಷ್ಟೆಯ ಮಾತಾಡುತ್ತ ಬಳೆ ಏರಿಸುವವನು, ಇಂದು ಮಾತೇ ಆಡಲಿಲ್ಲ. ಮೊದಲ ಬಳೆ ಅವನ ಬೆರಳಲ್ಲೇ ಒಡೆಯಿತು.

“ಚುಚ್ಚಿತೇನ್ ಮಗಳ?”

“ಇಲ್ಲ ಚಾಚಾ. ಇನ್ನೊಂದು ಇಡ್ರಿ.”

ಎರಡೂ ಕೈ ತುಂಬಿದವು. ಗಂಗೂಬಾಯಿ ಅಕ್ಕಿ, ಕಾಯಿ, ರೊಕ್ಕ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆ ಕಟ್ಟಿದ.

“ಎಲ್ಲಾ ಮುಟ್ಟಿತಲ್ಲ ಬಾಬಾಜಾನ?” ರಾಯರು ಕೇಳಿದರು.

“ಅಮ್ಮಾರದು ಮುಟ್ಟೇತ್ರಿ. ನಿಮ್ಮದೊಂದು ಮಾತು ಬಾಕಿ ಐತಿ.”

ಅವನು ಹೋದ. ಓಣಿಯ ತಿರುವಿನಲ್ಲಿ “ಬಳೀ...” ಎಂಬ ಕೂಗು ಕೇಳಿಸಿತು. ಆ ತಿಂಗಳೆಲ್ಲ ಊರಿನಲ್ಲಿ ಕೇಳದಿದ್ದ ಕೂಗು. ಯಾರ ಮನೆಯ ಬಾಗಿಲು ತೆರೆಯಿತೋ ಕಟ್ಟೆಯಿಂದ ಕಾಣುತ್ತಿರಲಿಲ್ಲ.

“ಪೇಪರ್ ಓದ್ರಿ ರಾಯರ,” ಎಂದ ಲಕ್ಕಪ್ಪ.

ರಾಯರು ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು. ಅಂದು ಅವರು ಓದಲಿಲ್ಲ. ಆ ಒಂದು ಮಾತನ್ನು ಹೇಳಲೂ ಇಲ್ಲ.